ಆಫ್ ಸೀಸನ್ ದರದ ಲೆಕ್ಕ: ಮಾಲ್ಡೀವ್ಸ್ ಪ್ರವಾಸವೊಂದರಿಂದ ವರ್ತಕರು ಕಲಿಯಬಹುದಾದ ಪಾಠ

ವ್ಯಾಪಾರ ಮಂದವಾಗಿರುವ ತಿಂಗಳುಗಳಲ್ಲಿ ದರ ಇಳಿಸಬೇಕೆ, ಇಳಿಸುವುದಾದರೆ ಎಷ್ಟರವರೆಗೆ ಎಂಬ ಪ್ರಶ್ನೆ ನಮ್ಮ ಸದಸ್ಯರಲ್ಲಿ ಬಹುಮಂದಿಯನ್ನು ಪ್ರತಿವರ್ಷವೂ ಕಾಡುತ್ತದೆ. ಇದನ್ನು ತಿಳಿಯಲು ಹೋಟೆಲ್ ಉದ್ಯಮವು ಒಳ್ಳೆಯ ಪಾಠಶಾಲೆ. ಏಕೆಂದರೆ ಈ ರಾತ್ರಿ ಖಾಲಿ ಉಳಿದ ಕೋಣೆಯನ್ನು ಗೋದಾಮಿನಲ್ಲಿಟ್ಟು ನಾಳೆ ಮಾರಲಾಗದು. ನಮ್ಮ ಕಡೆಯ ಜವಳಿ ವರ್ತಕ ದಂಪತಿಗಳು ಜುಲೈ ತಿಂಗಳಿನಲ್ಲಿ ಮಾಲ್ಡೀವ್ಸ್‌ನ ರೆಸಾರ್ಟ್ ಒಂದರಲ್ಲಿ ನಾಲ್ಕು ರಾತ್ರಿ ತಂಗುವರೆಂದು ಭಾವಿಸಿ, ಮೊದಲು ರೆಸಾರ್ಟಿನ ಕಡೆಯಿಂದ, ಬಳಿಕ ದಂಪತಿಗಳ ಕಡೆಯಿಂದ ಲೆಕ್ಕ ನೋಡೋಣ. ಕೋಣೆಯ ದರ ಹಾಗೂ ವೆಚ್ಚದ ಅಂಕಿಗಳು ಕೇವಲ ಉದಾಹರಣೆಗಾಗಿ. ತೆರಿಗೆಯ ಅಂಕಿಗಳು ಮಾತ್ರ ಅಲ್ಲಿನ ಕಾನೂನಿನವು.

1. ಆಫ್ ಸೀಸನ್ ಎಂದರೇನು?

ಮಾಲ್ಡೀವ್ಸ್‌ನಲ್ಲಿ ವರ್ಷಕ್ಕೆ ಎರಡು ಮಾರುತಗಳ ಕಾಲ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಈಶಾನ್ಯ ಮಾರುತದ ಒಣ ಕಾಲಕ್ಕೆ ಅಲ್ಲಿನ ಧಿವೇಹಿ ಭಾಷೆಯಲ್ಲಿ ‘ಇರುವೈ’ ಎಂದೂ, ಮೇ ತಿಂಗಳಿನಿಂದ ಆರಂಭವಾಗುವ ನೈಋತ್ಯ ಮಾರುತದ ಮಳೆಗಾಲಕ್ಕೆ ‘ಹುಳಂಗು’ ಎಂದೂ ಹೆಸರು. ಜೂನ್‌ನಲ್ಲಿ ನಮ್ಮ ಕರಾವಳಿಗೆ ಮಳೆ ತರುವುದೂ ಇದೇ ನೈಋತ್ಯ ಮಾರುತವೇ. ಯುರೋಪಿನ ಪ್ರವಾಸಿಗರು ತಮ್ಮ ಚಳಿಗಾಲದಲ್ಲಿ ಬಿಸಿಲನ್ನರಸಿ ಬರುವುದರಿಂದ ಒಣ ಕಾಲದಲ್ಲಿ ದರ ಏರುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಅವರಿಗೆ ಸ್ವಂತ ಊರಿನಲ್ಲಿಯೇ ಬೇಸಿಗೆ. ಆದುದರಿಂದ ಆಫ್ ಸೀಸನ್ನಿಗೆ ಸರಕಿನ ದೋಷವಷ್ಟೇ ಕಾರಣವಲ್ಲ. ಗಿರಾಕಿಯ ಪರಿಸ್ಥಿತಿಯೂ ಅಷ್ಟೇ ಕಾರಣ ಎಂಬುದನ್ನು ಗಮನಿಸತಕ್ಕದ್ದು.

2. ರೆಸಾರ್ಟಿನ ಲೆಕ್ಕ

1972ರಲ್ಲಿ ಮೊದಲ ರೆಸಾರ್ಟ್ ಆರಂಭವಾದಂದಿನಿಂದ ಅಲ್ಲಿನ ಪದ್ಧತಿ ಬಹುಮಟ್ಟಿಗೆ ‘ಒಂದು ದ್ವೀಪಕ್ಕೆ ಒಂದು ರೆಸಾರ್ಟ್’ ಎಂಬುದಾಗಿದೆ. ವಿದ್ಯುತ್ತಿಗೆ ಜನರೇಟರ್, ಕುಡಿಯುವ ನೀರಿಗೆ ಸಮುದ್ರದ ಉಪ್ಪು ತೆಗೆಯುವ ಯಂತ್ರ, ಕೊಳಚೆ ಶುದ್ಧೀಕರಣ, ನೌಕರರ ವಸತಿ ಎಲ್ಲವನ್ನೂ ಅದೇ ದ್ವೀಪದಲ್ಲಿ ನಡೆಸಬೇಕು. ಹತ್ತು ಕೋಣೆ ತುಂಬಿದರೂ ನೂರು ತುಂಬಿದರೂ ಈ ವೆಚ್ಚದ ಬಹುಪಾಲು ತಪ್ಪದು. ಇದು ಸ್ಥಿರ ವೆಚ್ಚ. ಅತಿಥಿ ಬಂದರೆ ಮಾತ್ರ ಆಗುವ ಊಟ, ಬಟ್ಟೆ ಒಗೆತ, ಏಜೆಂಟರ ಕಮಿಷನ್ ಮುಂತಾದವು ಚರ ವೆಚ್ಚ. ಮಾರಾಟದ ಬೆಲೆಯಿಂದ ಚರ ವೆಚ್ಚ ಕಳೆದು ಉಳಿಯುವ ಮೊತ್ತವೇ ಕಾಂಟ್ರಿಬ್ಯೂಷನ್ ಅಥವಾ ವಂತಿಗೆ. ಸ್ಥಿರ ವೆಚ್ಚವನ್ನು ತೀರಿಸುವುದು ಈ ವಂತಿಗೆಯೇ.

ನೂರು ಕೋಣೆಗಳ ರೆಸಾರ್ಟಿನ ಸ್ಥಿರ ವೆಚ್ಚ ದಿನಕ್ಕೆ 15 ಲಕ್ಷ ರೂ., ಒಂದು ಕೋಣೆಯ ಚರ ವೆಚ್ಚ 6,000 ರೂ. ಇರಲಿ. ಸೀಸನ್ನಿನಲ್ಲಿ 30,000 ರೂ. ದರದಲ್ಲಿ 90 ಕೋಣೆಗಳು ತುಂಬಿದರೆ ವಂತಿಗೆ 21.60 ಲಕ್ಷ, ಲಾಭ 6.60 ಲಕ್ಷ. ಆಫ್ ಸೀಸನ್ನಿನಲ್ಲಿ ಅದೇ ದರಕ್ಕೆ 35 ಕೋಣೆಗಳು ಮಾತ್ರ ಹೋದರೆ ವಂತಿಗೆ 8.40 ಲಕ್ಷ, ನಷ್ಟ 6.60 ಲಕ್ಷ. ದರವನ್ನು 20,000ಕ್ಕೆ ಇಳಿಸಿ 65 ಕೋಣೆಗಳನ್ನು ತುಂಬಿದರೆ ವಂತಿಗೆ 9.10 ಲಕ್ಷ, ನಷ್ಟ 5.90 ಲಕ್ಷ.

ಹಾಗಾದರೆ ನಷ್ಟಕ್ಕೆ ಮಾರಿದಂತಾಗಲಿಲ್ಲವೆ? ಸ್ಥಿರ ವೆಚ್ಚವನ್ನೂ ಹಂಚಿ ಹಾಕಿದರೆ ಕೋಣೆಯೊಂದರ ಪೂರ್ಣ ವೆಚ್ಚ ಸುಮಾರು 29,000 ರೂ. ಆಗುವುದರಿಂದ ಮೇಲ್ನೋಟಕ್ಕೆ ಹೌದು. ಆದರೂ ದಿನವೊಂದಕ್ಕೆ 70,000 ರೂ. ನಷ್ಟ ತಗ್ಗಿದೆ. ಸೀಸನ್ 180 ದಿನ, ಆಫ್ ಸೀಸನ್ 185 ದಿನ ಎಂದು ಹಿಡಿದರೆ, ಹಳೆಯ ದರದಲ್ಲೇ ಕುಳಿತ ರೆಸಾರ್ಟ್ ವರ್ಷಾಂತ್ಯಕ್ಕೆ 33 ಲಕ್ಷ ನಷ್ಟ ತೋರಿಸುತ್ತದೆ; ದರ ಇಳಿಸಿದ ರೆಸಾರ್ಟ್ 96.50 ಲಕ್ಷ ಲಾಭ ತೋರಿಸುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ದರ ಮೂರನೆಯ ಒಂದು ಭಾಗ ಇಳಿದಾಗ ವಂತಿಗೆ ಕೋಣೆಗೆ 24,000ದಿಂದ 14,000ಕ್ಕೆ ಕುಸಿಯಿತು. ಹಳೆಯ ಮಟ್ಟದಲ್ಲೇ ಉಳಿಯಲು 60 ಕೋಣೆಗಳಾದರೂ ತುಂಬಲೇಬೇಕು. ಅಂದರೆ ಮಾರಾಟ ಶೇ 71ರಷ್ಟು ಏರಬೇಕು. ಸೂತ್ರ ಸರಳವಾಗಿದೆ: ಇಳಿಸಿದ ಮೊತ್ತವನ್ನು ಹೊಸ ವಂತಿಗೆಯಿಂದ ಭಾಗಿಸಿದರೆ, ಮಾರಾಟ ಎಷ್ಟು ಪಟ್ಟು ಹೆಚ್ಚಬೇಕೆಂಬುದು ತಿಳಿಯುತ್ತದೆ.

3. ದರಪಟ್ಟಿ ಇಳಿಸದೆ ರಿಯಾಯಿತಿ

ದರಪಟ್ಟಿಯನ್ನೇ ಇಳಿಸಿದರೆ ಡಿಸೆಂಬರಿನಲ್ಲಿ ಬರುವ ಗಿರಾಕಿಯೂ ಅದೇ ದರ ಕೇಳುತ್ತಾನೆ. ಆದ್ದರಿಂದ ‘ಮೂರು ರಾತ್ರಿಯ ಹಣಕ್ಕೆ ನಾಲ್ಕು ರಾತ್ರಿ’ ಎಂಬಂಥ ಕೊಡುಗೆಗಳು ಹೆಚ್ಚು ಪ್ರಚಲಿತ. ಗಿರಾಕಿಗೆ 30,000 ರೂ. ಮೌಲ್ಯದ ರಾತ್ರಿ ದೊರೆಯುತ್ತದೆ. ಖಾಲಿ ಉಳಿಯಬಹುದಾಗಿದ್ದ ಆ ಕೋಣೆಗೆ ರೆಸಾರ್ಟ್ ಮಾಡುವ ಹೆಚ್ಚುವರಿ ಖರ್ಚು 6,000 ರೂ. ಮಾತ್ರ. ನಾಲ್ಕು ರಾತ್ರಿಗಳ ವಂತಿಗೆ 66,000, ಅಂದರೆ ರಾತ್ರಿಗೆ 16,500 ರೂ. ಈಗ 60ರ ಬದಲು 51 ಕೋಣೆಗಳು ತುಂಬಿದರೆ ಸಾಕು. ಇದಕ್ಕೆ ಮುಂಗಡ ಪಾವತಿ, ರದ್ದಾದರೆ ಹಣ ಮರಳಿಸದಿರುವುದು ಮುಂತಾದ ಷರತ್ತುಗಳನ್ನೂ ಸೇರಿಸುತ್ತಾರೆ.

ಇನ್ನೊಂದು ಉಪಾಯವೆಂದರೆ ಮಳೆಗಾಲವನ್ನೇ ಬಯಸುವ ಗಿರಾಕಿಯನ್ನು ಹುಡುಕುವುದು. ಬಾ ಹವಳದ್ವೀಪ ಸಮೂಹದ ಹನಿಫಾರು ಕೊಲ್ಲಿಯಲ್ಲಿ ಇದೇ ನೈಋತ್ಯ ಮಾರುತದ ತಿಂಗಳುಗಳಲ್ಲಿ ಪ್ಲವಕಗಳನ್ನು ತಿನ್ನಲು ಮಾಂಟಾ ಮೀನುಗಳು ಗುಂಪುಗೂಡುತ್ತವೆ. ಬಾ ಪ್ರದೇಶವು 2011ರಲ್ಲಿ ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶವಾಯಿತು. ಅಲೆಗಳ ಮೇಲೆ ಹಲಗೆ ಸವಾರಿ ಮಾಡುವವರಿಗೂ ಇದೇ ಸರಿಯಾದ ಕಾಲ. ಅವರ ಪಾಲಿಗೆ ಆಫ್ ಸೀಸನ್ನೇ ಸೀಸನ್.

4. ದಂಪತಿಗಳ ಲೆಕ್ಕ

ನಮ್ಮ ದಂಪತಿಗಳು ಈ ಕೊಡುಗೆಯನ್ನು ಒಪ್ಪಿದರೆಂದರೆ ಬಿಲ್ 90,000 ರೂ. ಅದರ ಮೇಲೆ ಸಾಮಾನ್ಯವಾಗಿ ಶೇ 10 ಸೇವಾ ಶುಲ್ಕ ಸೇರಿ 99,000. ಪ್ರವಾಸೋದ್ಯಮದ ಜಿಎಸ್‌ಟಿ 2023ರಲ್ಲಿ ಶೇ 16 ಆಗಿ, 2025ರ ಜುಲೈ 1ರಿಂದ ಶೇ 17ಕ್ಕೆ ಏರಿದ್ದು, ಅದನ್ನು ಸೇರಿಸಿದರೆ 1,15,830 ರೂ. ಪೂರ್ಣ ದರದಲ್ಲಾದರೆ ಇದು 1,54,440 ರೂ. ಆಗುತ್ತಿತ್ತು; ಉಳಿತಾಯ 38,610 ರೂ.

ಆದರೆ ಎಲ್ಲ ಬಾಬ್ತುಗಳೂ ಸೀಸನ್ನನ್ನು ಅನುಸರಿಸಿ ಇಳಿಯುವುದಿಲ್ಲ. ರೆಸಾರ್ಟುಗಳಲ್ಲಿ ತಂಗುವವರಿಗೆ ಹಸಿರು ತೆರಿಗೆ 2025ರ ಜನವರಿ 1ರಿಂದ ತಲಾ ರಾತ್ರಿಗೆ 12 ಡಾಲರ್. ಇಬ್ಬರಿಗೆ ನಾಲ್ಕು ರಾತ್ರಿಗೆ 96 ಡಾಲರ್. ‘ಉಚಿತ’ ರಾತ್ರಿಗೂ ಇದು ತಪ್ಪದು. ವಿಮಾನ ನಿಲ್ದಾಣದಿಂದ ದ್ವೀಪಕ್ಕೆ ಕರೆದೊಯ್ಯುವ ದೋಣಿ ಅಥವಾ ಸಮುದ್ರ ವಿಮಾನದ ವೆಚ್ಚ ಪ್ರತ್ಯೇಕ. ಸಮುದ್ರ ವಿಮಾನಗಳು ಹಗಲಿನಲ್ಲಿ ಮಾತ್ರ ಹಾರುವುದರಿಂದ ಸಂಜೆ ಬಂದಿಳಿದವರು ಮಾಲೆಯ ಬಳಿ ಒಂದು ರಾತ್ರಿಯ ಬಾಡಿಗೆ ತೆರಬೇಕಾದೀತು. ದಿನವಿಡೀ ಮಳೆ ಸುರಿಯಬೇಕೆಂದಿಲ್ಲವಾದರೂ, ಸಮುದ್ರ ಪ್ರಕ್ಷುಬ್ಧವಾಗಿ ಒಂದೆರಡು ದಿನದ ವಿಹಾರ ರದ್ದಾಗುವ ಸಂಭವವನ್ನೂ ಲೆಕ್ಕದಲ್ಲಿ ಹಿಡಿಯಬೇಕು.

ವರ್ತಕನಿಗೆ ಇನ್ನೊಂದು ವೆಚ್ಚವಿದೆ: ಅಂಗಡಿ ಬಿಟ್ಟಿರುವ ದಿನಗಳ ನಷ್ಟ. ಮದುವೆಗಳಿಲ್ಲದ ಆಷಾಢದಲ್ಲಿ ಜವಳಿ ವ್ಯಾಪಾರವೂ ಮಂದ. ಹೀಗಾಗಿ ದ್ವೀಪದ ಆಫ್ ಸೀಸನ್ನೂ ಅಂಗಡಿಯ ಆಫ್ ಸೀಸನ್ನೂ ಕೂಡಿಬರುತ್ತವೆ. ಹೊಸ ಮದುಮಕ್ಕಳನ್ನು ಆಷಾಢದಲ್ಲಿ ಅಗಲಿಸುವ ಸಂಪ್ರದಾಯ ನಮ್ಮದು. ಹಳೆಯ ದಂಪತಿಗಳಿಗೆ ಆ ಅಡ್ಡಿಯಿಲ್ಲ! ಈ ಖರ್ಚನ್ನು ಮಾತ್ರ ‘ಪ್ರಯಾಣ ವೆಚ್ಚ’ ಎಂದು ವ್ಯವಹಾರದ ಪುಸ್ತಕದಲ್ಲಿ ಬರೆಯಕೂಡದು. ವಿಹಾರ ಪ್ರವಾಸವು ಸ್ವಂತ ಖರ್ಚು. ಅದನ್ನು ಮಾಲೀಕನ ಡ್ರಾಯಿಂಗ್ಸ್ ಖಾತೆಗೆ ಹಾಕತಕ್ಕದ್ದು.

5. ನಮ್ಮ ವ್ಯವಹಾರಕ್ಕೆ ಅನ್ವಯಿಸುವಾಗ

ರೆಸಾರ್ಟ್ ಮಾಡಿದ್ದನ್ನೇ ಅಂಗಡಿಯವರು ಅನುಕರಿಸಿದರೆ ಅಪಾಯವಿದೆ. ರೆಸಾರ್ಟಿನ ಚರ ವೆಚ್ಚ ಬೆಲೆಯ ಐದನೆಯ ಒಂದು ಭಾಗ. ಅಂಗಡಿಯವರದು ಬಹುಪಾಲು ಖರೀದಿ ಬೆಲೆಯೇ. 80 ರೂ.ಗೆ ಕೊಂಡು 100ಕ್ಕೆ ಮಾರುವ ಬಟ್ಟೆಯ ಮೇಲೆ ಶೇ 10 ರಿಯಾಯಿತಿ ಕೊಟ್ಟರೆ ವಂತಿಗೆ 20ರಿಂದ 10ಕ್ಕೆ ಇಳಿಯುತ್ತದೆ. ಮಾರಾಟ ಇಮ್ಮಡಿಯಾದರೆ ಮಾತ್ರ ಹಳೆಯ ಗಳಿಕೆ. ಶೇ 20 ಕೊಟ್ಟರೆ ಎಷ್ಟು ಮಾರಿದರೂ ಬಾಡಿಗೆ, ಸಂಬಳಗಳಿಗೆ ಬಿಡಿಗಾಸೂ ಹುಟ್ಟದು. ಮೇಲಾಗಿ ಬಟ್ಟೆ ಕೋಣೆಯಂತಲ್ಲ. ಇಂದು ಮಾರದಿದ್ದರೆ ಶ್ರಾವಣದಲ್ಲಿ ಮಾರಬಹುದು. ಫ್ಯಾಷನ್ ಕಳೆಯುವ, ಬಣ್ಣ ಮಾಸುವ ಸರಕಿಗೆ ಮಾತ್ರ ಆಳವಾದ ರಿಯಾಯಿತಿ ಸರಿ.

ಯಂತ್ರಗಳಿರುವ ಸಣ್ಣ ಕೈಗಾರಿಕೆಯವರ ಸ್ಥಿತಿ ರೆಸಾರ್ಟಿಗೆ ಹತ್ತಿರದ್ದು. ಬೆಲೆ 100, ಚರ ವೆಚ್ಚ 60, ಸ್ಥಿರ ವೆಚ್ಚದ ಪಾಲು 30 ಇರುವ ಘಟಕಕ್ಕೆ ಬಿಡುವಿನ ತಿಂಗಳಲ್ಲಿ 75ರ ಆರ್ಡರ್ ಬಂದರೆ, ‘ವೆಚ್ಚ 90’ ಎಂದು ಹಿಂದಿರುಗಿಸುವುದು ತಪ್ಪಾದೀತು. ಆದರೆ ಒಪ್ಪುವ ಮೊದಲು ಈ ನಾಲ್ಕನ್ನು ಪರೀಕ್ಷಿಸಬೇಕು:

ಅ) ಯಂತ್ರ ಹಾಗೂ ಕಾರ್ಮಿಕರು ನಿಜವಾಗಿಯೂ ಖಾಲಿ ಇದ್ದಾರೆಯೆ?
ಆ) ದರವು ಚರ ವೆಚ್ಚಕ್ಕಿಂತ ಸ್ಪಷ್ಟವಾಗಿ ಮೇಲಿದೆಯೆ?
ಇ) ಈ ದರ ತಿಳಿದರೆ ಖಾಯಂ ಗಿರಾಕಿಗಳೂ ಇದನ್ನೇ ಕೇಳುವರೆ?
ಈ) ಹಣ ನಗದಾಗಿ ಬರುವುದೆ, ಅಥವಾ ಆರು ತಿಂಗಳ ಉದ್ದರಿಯೆ? ಉದ್ದರಿಯ ಬಡ್ಡಿ ತೆಳುವಾದ ವಂತಿಗೆಯನ್ನು ತಿಂದುಹಾಕುತ್ತದೆ.

ರಿಯಾಯಿತಿಯನ್ನು ಬಿಲ್ಲಿನಲ್ಲಿಯೇ ಕಾಣಿಸಿದರೆ ಜಿಎಸ್‌ಟಿ ಇಳಿಸಿದ ಮೊತ್ತದ ಮೇಲೆ ಮಾತ್ರ ಬೀಳುತ್ತದೆ ಎಂಬುದನ್ನೂ ಮರೆಯಬಾರದು.

ಮುಂದಿನ ಆಷಾಢಕ್ಕೆ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ಮುಖ್ಯ ಸರಕುಗಳ ಚರ ವೆಚ್ಚವನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುವುದು ಒಳಿತು. ಆ ಒಂದು ಅಂಕಿ ಕೈಯಲ್ಲಿದ್ದರೆ ಎಷ್ಟು ಇಳಿಸಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಪಕ್ಕದ ಅಂಗಡಿಯ ಫಲಕ ನೋಡಿ ನಿರ್ಧರಿಸಬೇಕಾಗಿಲ್ಲ.