ಎರೆ ನೆಲದ ಹಿತ್ತಲಿಗೆ ಗಾಲಿಕುರ್ಚಿಯ ಹಾದಿ

ರೋಣ, ನರಗುಂದ, ಗಜೇಂದ್ರಗಡ ಭಾಗದ ಮನೆಗಳಲ್ಲಿ ಪಲ್ಲೆ ಸೋಸುವುದು, ಶೇಂಗಾ ಒಡೆಯುವುದು, ನೆರೆಮನೆಯವರ ಜೊತೆ ಮಾತು ಎಲ್ಲ ಹಿತ್ತಲಲ್ಲೇ ನಡೆಯುತ್ತವೆ. ಪೋಲಿಯೊದಿಂದಲೋ ಲಕ್ವಾ ಹೊಡೆದೋ ಟ್ರ್ಯಾಕ್ಟರ್ ಅವಘಡದಲ್ಲಿ ಬೆನ್ನುಹುರಿಗೆ ಪೆಟ್ಟಾಗಿಯೋ ಗಾಲಿಕುರ್ಚಿ ಹಿಡಿದವರಿಗೆ ಮೊದಲು ತಪ್ಪಿಹೋಗುವ ಜಾಗವೂ ಅದೇ. ಪಡಸಾಲೆಯವರೆಗೆ ಬರುತ್ತಾರೆ, ಹಿತ್ತಲ ಬಾಗಿಲ ಹೊಸ್ತಿಲಿಗೆ ಗಾಲಿ ನಿಲ್ಲುತ್ತದೆ. ದಾಟಿದರೂ ಮುಂದೆ ಎರೆ ಮಣ್ಣು: ಮಳೆಗಾಲದಲ್ಲಿ ಗಾಲಿ ಹೂತು ಕೂಡುತ್ತದೆ, ಬೇಸಿಗೆಯಲ್ಲಿ ಬಿರುಕಿಗೆ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಳ್ಳುತ್ತದೆ.

ಅವರನ್ನು ಕುರ್ಚಿ ಸಮೇತ ಎತ್ತಿ ತಂದು ಗಿಡದ ಮುಂದೆ ಕೂಡಿಸಿದರೆ ಕೆಲಸ ಮುಗಿಯಲಿಲ್ಲ. ಬೀಜ ಹಾಕುವುದು, ಕಳೆ ತೆಗೆಯುವುದು, ನೀರುಣಿಸುವುದು, ಕೊಯ್ಯುವುದು, ಇಷ್ಟನ್ನೂ ಅವರೇ ಯಾರನ್ನೂ ಕೂಗದೆ ಮಾಡುವಂತಾಗಬೇಕು. ಬೆಂಗಳೂರಿನ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯನ್ನು 1959ರಲ್ಲಿ ಕಟ್ಟಿದ ಎನ್.ಎಸ್. ಹೇಮಾ ಸ್ವತಃ ಗಾಲಿಕುರ್ಚಿಯಲ್ಲಿದ್ದವರು. ಆ ಸಂಸ್ಥೆ ಅಂಗವಿಕಲ ಯುವಕ ಯುವತಿಯರಿಗೆ ತೋಟಗಾರಿಕೆಯನ್ನು ದುಡಿಮೆಯಾಗಿಯೇ ಕಲಿಸುತ್ತ ಬಂದಿದೆ. ನಮ್ಮ ಹಿತ್ತಲಲ್ಲೂ ಗುರಿ ಅದೇ ಇರಲಿ.

ಹಂತ 1: ಅಳತೆ ಅವರದೇ ಇರಲಿ

ಗೌಂಡಿಯನ್ನು ಕರೆಯುವ ಮುಂಚೆ, ಕುರ್ಚಿಯಲ್ಲಿ ಕೂತವರ ಜೊತೆ ಟೇಪು ಹಿಡಿದು ಕೂಡಿ. ನಾಲ್ಕು ಅಳತೆ ಬೇಕು: ಕುರ್ಚಿಯ ಅಗಲ, ಕೂತಾಗ ನೆಲದಿಂದ ಮೊಣಕಾಲಿನ ಮೇಲ್ಭಾಗದವರೆಗಿನ ಎತ್ತರ, ಬೆನ್ನು ಬಗ್ಗಿಸದೆ ಕೈ ಮುಂದಕ್ಕೆ ಮುಟ್ಟುವ ದೂರ, ಪಕ್ಕಕ್ಕೆ ಮುಟ್ಟುವ ದೂರ. ಎರಡೂ ಕೈಯನ್ನು ಬೇರೆ ಬೇರೆ ಅಳೆಯಿರಿ, ಲಕ್ವಾ ಆದವರಲ್ಲಿ ಒಂದು ಕೈ ಮಾತ್ರ ಚುರುಕಾಗಿರುತ್ತದೆ. ಏನು ಬೆಳೆಯಬೇಕು, ಯಾವ ಹೊತ್ತಿಗೆ ಅಲ್ಲಿರಬೇಕು ಎಂಬುದನ್ನೂ ಅವರೇ ಹೇಳಲಿ. ಕೆಳಗೆ ಕೊಟ್ಟ ಅಂಕಿಗಳು ಆರಂಭಕ್ಕೆ ಮಾತ್ರ. ನಿಮ್ಮ ಟೇಪು ಬೇರೆ ಹೇಳಿದರೆ ಟೇಪನ್ನೇ ನಂಬಿ.

ಹಂತ 2: ಬಾಗಿಲು ಮತ್ತು ಇಳಿಜಾರು

ಬಾಗಿಲು 3 ಅಡಿ ಅಗಲ ತೆರೆಯಬೇಕು. ಇಳಿಜಾರಿಗೆ ಲೆಕ್ಕ 1ಕ್ಕೆ 12: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಹಿತ್ತಲ ಮೆಟ್ಟಿಲು 6 ಇಂಚಿದ್ದರೆ 6 ಅಡಿ, ಒಂದು ಅಡಿ ಇದ್ದರೆ 12 ಅಡಿ. ‘ಜಾಗ ಇಲ್ರಿ’ ಎಂದು ಗೌಂಡಿ ಮೋಟು ಮಾಡಲು ಬಂದರೆ ಒಪ್ಪಬೇಡಿ. ಕಡಿದಾದ ಇಳಿಜಾರಿನಲ್ಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಉದ್ದ ಸಾಲದಿದ್ದರೆ ನಡುವೆ 5 ಅಡಿ ಚೌಕದ ಸಪಾಟು ಜಾಗ ಬಿಟ್ಟು ತಿರುವಿ. ಅಷ್ಟೇ ಸಪಾಟು ಜಾಗ ಮೇಲೂ ಕೆಳಗೂ ಬೇಕು. ಮೇಲ್ಮೈಗೆ ನುಣುಪು ಗಿಲಾವು ಬೇಡ, ಸಿಮೆಂಟು ಹಸಿ ಇರುವಾಗಲೇ ಪೊರಕೆಯಿಂದ ಅಡ್ಡ ಗೆರೆ ಎಳೆಸಿ.

ಹಂತ 3: ಹಾದಿ

ದುಡ್ಡು ಕಡಿಮೆ ಇದ್ದರೆ ಬೇರೆಲ್ಲ ಬಿಟ್ಟು ಇದಕ್ಕೇ ಹಾಕಿ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅದರ ಮೇಲೆ ನೇರವಾಗಿ ತೆಳು ಕಾಂಕ್ರೀಟ್ ಹಾಕಿದರೆ ಎರಡೇ ಮಳೆಗಾಲಕ್ಕೆ ಒಡೆದು ಏಳುಬೀಳಾಗಬಹುದು. ಅಲ್ಲಿಗೆ ಮೊದಲಿಗಿಂತ ಕಷ್ಟ.

ಸುಗ್ಗಿ ಮುಗಿದ ಮೇಲೆ, ಮಿರಗದ ಮಳೆಗೆ ಮುಂಚೆ, ನೆಲ ಪೂರ್ತಿ ಒಣಗಿದ್ದಾಗ ಕೆಲಸ ಹಿಡಿಯಿರಿ. 4 ಅಡಿ ಅಗಲಕ್ಕೆ ಒಂದು ಅಡಿ ಆಳ ಎರೆ ತೆಗೆದು ಹಾಕಿ. ಗರಸು ತುಂಬಿ, ಒಂದೇ ಸಲಕ್ಕಲ್ಲ: ನಾಲ್ಕು ಇಂಚು ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಹೊಡೆದು, ಮತ್ತೆ ನಾಲ್ಕು ಇಂಚು. ಮೇಲೆ ಎರಡು ಇಂಚು ಉಸುಕು ಹಾಸಿ ಫರಸಿ ಕೂಡಿಸಿ. ಶಹಾಬಾದ್ ಫರಸಿಯಾದರೆ ಪಾಲಿಶ್ ಮಾಡದ ಒರಟು ಮುಖ ಮೇಲಿರಲಿ. ಸಂದು ಅರ್ಧ ಇಂಚಿಗಿಂತ ಕಡಿಮೆ ಇದ್ದು ಗಿಚ್ಚಾಗಿ ತುಂಬಿರಬೇಕು. ಒಂದು ಬದಿಗೆ ಒಂದು ಇಂಚು ವಾಟ ಕೊಟ್ಟರೆ ನೀರು ನಿಲ್ಲದು, ಕುರ್ಚಿಯೂ ಜಾರದು. ಎರಡೂ ಅಂಚಿಗೆ 2 ಇಂಚು ಎತ್ತರದ ಕಲ್ಲು ನಿಲ್ಲಿಸಿ, ಗಾಲಿ ಮಣ್ಣಿಗೆ ಇಳಿಯುವುದು ತಪ್ಪುತ್ತದೆ. ಹಾದಿ ಮುಗಿಯುವಲ್ಲಿ 5 ಅಡಿ ಸುತ್ತಳತೆಯ ಜಾಗವಲ್ಲ, 5 ಅಡಿ ಅಡ್ಡಳತೆಯ ದುಂಡು ಜಾಗ ಬಿಡಿ. ಇಲ್ಲದಿದ್ದರೆ ಹಿಮ್ಮುಖವಾಗಿಯೇ ಮರಳಬೇಕಾಗುತ್ತದೆ. ಸಡಿಲ ಕಡಿ, ಬರೀ ಉಸುಕು, ಹುಲ್ಲು ಮೂರೂ ಬೇಡ.

ನರಗುಂದದವರಿಗೆ ಒಂದು ಮಾತು. 2019ರಿಂದೀಚೆಗೆ ಪಟ್ಟಣದಲ್ಲಿ ಮನೆಯೊಳಗೂ ಓಣಿಯಲ್ಲೂ ನೆಲ ಕುಸಿದದ್ದು ನೆನಪಿರಬೇಕು. ಹಳೆಯ ಹಗೇವುಗಳನ್ನೂ ಮೇಲೆದ್ದ ಅಂತರ್ಜಲವನ್ನೂ ಅದಕ್ಕೆ ಕಾರಣವಾಗಿ ಎಣಿಸಲಾಗಿತ್ತು. ಜೋಳ ತುಂಬಿಡುತ್ತಿದ್ದ ಆ ನೆಲಗುಂಡಿ ನಿಮ್ಮ ಹಿತ್ತಲಲ್ಲೂ ಮುಚ್ಚಿಹೋಗಿರಬಹುದು. ಮನೆಯ ಹಿರಿಯರನ್ನು ಕೇಳಿ, ಹಾದಿ ಹಾಕುವಲ್ಲಿ ಹಾರೆಯಿಂದ ಗುದ್ದಿ ನೋಡಿ. ಟೊಳ್ಳು ಸದ್ದು ಬಂದರೆ ಪುರಸಭೆಯ ಎಂಜಿನಿಯರಿಗೆ ತೋರಿಸುವವರೆಗೆ ಕೆಲಸ ನಿಲ್ಲಿಸಿ.

ಗಜೇಂದ್ರಗಡದ ಗುಡ್ಡದ ಬದಿಯಲ್ಲಿ ಮಸಾರಿ, ಕಲ್ಲು ನೆಲ ಇರುವ ಕಡೆ ಉಬ್ಬುವ ಕಾಟ ಕಡಿಮೆ. ಅಲ್ಲಿ ಏರುಪೇರೇ ತೊಂದರೆ. ಹಾದಿಯನ್ನು ಇಳುಕಲಿಗೆ ನೇರ ಇಳಿಸದೆ ಅಡ್ಡಲಾಗಿ ಒಯ್ಯಿರಿ.

ಹಂತ 4: ಎತ್ತರದ ಮಡಿ

ಎರಡು ಬಗೆ. ಮೊದಲನೆಯದು ಕಲ್ಲು ಅಥವಾ ಇಟ್ಟಂಗಿಯ ಕಟ್ಟೆ ಮಡಿ: 2 ಅಡಿ ಎತ್ತರ. ಒಂದೇ ಬದಿಯಿಂದ ಕೈ ಹೋಗುವಂತಿದ್ದರೆ 2 ಅಡಿ ಅಗಲ, ಎರಡೂ ಬದಿಗೆ ಹಾದಿ ಇದ್ದರೆ 4 ಅಡಿ. ಕುರ್ಚಿಯನ್ನು ಪಕ್ಕಕ್ಕೆ ನಿಲ್ಲಿಸಿ ಇಲ್ಲಿ ಕೆಲಸ ಮಾಡುತ್ತಾರೆ. ಅರ್ಧ ತಾಸಿನಲ್ಲಿ ಸೊಂಟ ನೋಯುತ್ತದೆ.

ನನ್ನ ಒಲವು ಎರಡನೆಯದಕ್ಕೆ, ಅದೇ ಮೇಜಿನ ಮಡಿ. ಮೊಣಕಾಲು ಅದರ ಕೆಳಗೆ ಹೋಗುತ್ತದೆ, ಮುಖ ಗಿಡಕ್ಕೆ ನೇರ ಇರುತ್ತದೆ. ಮೊಣಕಾಲಿನ ಅಳತೆಗೆ 2 ಇಂಚು ಸೇರಿಸಿ ಅಡಿಭಾಗ ನಿಲ್ಲಿಸಿ, ಮೇಲೆ 6 ಇಂಚು ಮಣ್ಣಿನ ತಟ್ಟೆ ಇಡಿ. ಸೊಪ್ಪಿಗೆ ಅಷ್ಟು ಸಾಕು. ಪ್ಲಾಸ್ಟಿಕ್ ಬ್ಯಾರಲ್ಲನ್ನು ಉದ್ದಕ್ಕೆ ಸೀಳಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂಡಿಸಿದರೆ ಅಗ್ಗದಲ್ಲಿ ಆಗುತ್ತದೆ, ಆದರೆ ಅದರ ಆಳ ಹೆಚ್ಚು, ಮಡಿಯ ಎತ್ತರ ಕೈಗೆ ಮೀರದಂತೆ ಕತ್ತರಿಸಿ. ಕ್ರಿಮಿನಾಶಕ ತುಂಬಿದ್ದ ಬ್ಯಾರಲ್ಲನ್ನು ಎಷ್ಟು ತೊಳೆದರೂ ಬಳಸಬೇಡಿ.

ಮಡಿಗೆ ಬರೀ ಎರೆ ತುಂಬಬೇಡಿ. ನೀರು ಹಿಡಿದು ಬೇರು ಕೊಳೆಯುತ್ತದೆ, ಉಬ್ಬಿ ಗೋಡೆ ಸೀಳುತ್ತದೆ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಉಸುಕು. ತಳಕ್ಕೆ ತೂತು ಮರೆಯದಿರಿ, ಬಸಿದ ನೀರು ಹಾದಿಗೆ ಬಾರದಿರಲಿ.

ಹಂತ 5: ನೀರು, ಸಲಕರಣೆ

ನಳ ನೆಲದಿಂದ ಎರಡೂವರೆ–ಮೂರು ಅಡಿ ಎತ್ತರಕ್ಕೆ ಬರಲಿ. ಗುಂಡು ತಿರುಪಿನ ಬದಲು ಅಂಗೈಯಿಂದ ತಳ್ಳಿ ತೆರೆಯುವ ಹಿಡಿ ಹಾಕಿಸಿ. ನಳಕ್ಕೆ ನೀರು ದಿನಾ ಬರದ ಊರಲ್ಲಿ ಎತ್ತರಕ್ಕೊಂದು ಬ್ಯಾರಲ್ ಇಟ್ಟು ಸಣ್ಣ ಡ್ರಿಪ್ ಪೈಪು ಎಳೆದರೆ ತಂಬಿಗೆ ಹೊರುವುದೇ ತಪ್ಪುತ್ತದೆ. ಕುರ್ಪಿಗೆ ಒಂದೂವರೆ ಅಡಿಯ ಹಗುರ ಕಟ್ಟಿಗೆ ಹಿಡಿ ಕೂಡಿಸಿ. ಹಿಡಿತ ಸಡಿಲ ಇದ್ದವರಿಗೆ ಹಿಡಿಯ ಮೇಲೆ ಹಳೆಯ ಸೈಕಲ್ ಟ್ಯೂಬು ಸುತ್ತಿ.

ಹಂತ 6: ಏನು ಬೆಳೆಯುವುದು

ಮೊದಲು ಮೆಂತೆ. ತಿಂಗಳೊಳಗೆ ಕೈಗೆ ಸಿಗುತ್ತದೆ, ಹುರುಪು ಬರುತ್ತದೆ. ಆಮೇಲೆ ರಾಜಗಿರಿ, ಕೊತ್ತಂಬರಿ, ಸಬ್ಬಸಿಗೆ, ಹಕ್ಕರಕಿ. ಪುಂಡಿಯನ್ನೂ ಬದನೆಯನ್ನೂ ಕಟ್ಟೆ ಮಡಿಗೆ ಇಡಿ, ಅವಕ್ಕೆ ಆಳ ಬೇಕು. ಹೀರೆಬಳ್ಳಿಗೆ 5 ಅಡಿಯ ಹಂದರ ಹಾಕಿದರೆ ಕಾಯಿ ಕೂತವರ ಕೈಮಟ್ಟಕ್ಕೆ ಇಳಿಬೀಳುತ್ತದೆ. ಕರಿಬೇವು, ನುಗ್ಗೆಯನ್ನು ಸವರುತ್ತ ಕುಳ್ಳಗಿಡಿ. ಬೀಜ, ಸಸಿ, ಸಲಹೆಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಇಲಾಖೆಯ ತಾಲೂಕು ಕಚೇರಿ ಇವೆ.

ಹಂತ 7: ಮೈಯ ಕಾಳಜಿ

ಬೆನ್ನುಹುರಿಗೆ ಪೆಟ್ಟಾದ ಹಲವರಿಗೆ ಕಾಲಿನಲ್ಲಿ ಸ್ಪರ್ಶ ಇರದು. ಬೇಸಿಗೆಯ ಬಿಸಿಲಿಗೆ ಕಾದ ಕಬ್ಬಿಣದ ಅಂಚು ತಗುಲಿ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಅಂಚುಗಳಿಗೆ ಗೋಣಿ ಸುತ್ತಿ, ಕಾಲಿಗೆ ಬೂಟು ಇರಲಿ, ಮಡಿಯ ಮೇಲೆ ನೆರಳಿನ ಬಲೆ ಕಟ್ಟಿ. ಕತ್ತಿನ ಮಟ್ಟದಲ್ಲಿ ಪೆಟ್ಟಾದವರಿಗೆ ಬೆವರೇ ಸರಿಯಾಗಿ ಬರದೆ ಮೈ ಕಾಯುತ್ತದೆ. ಅವರ ಕೆಲಸ ಬೆಳಿಗ್ಗೆ, ಸಂಜೆ ಮಾತ್ರ. ಹುಣ್ಣಾಗದಿರಲು ಕಾಲುಗಂಟೆಗೊಮ್ಮೆ ಕೈಯೂರಿ ಮೈ ಎತ್ತಬೇಕು ಅಥವಾ ಒಂದು ಬದಿಗೆ ವಾಲಬೇಕು. ನೆಗ್ಗಿಲು ಮುಳ್ಳು, ಜಾಲಿ ಮುಳ್ಳು ಹಾದಿಗೆ ಬಿದ್ದರೆ ಟ್ಯೂಬು ಪಂಕ್ಚರ್, ದಿನಾ ಗುಡಿಸಿ.

ಹಂತ 8: ನೆರವು ಕೇಳಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವರ ಬೆನ್ನಿಗಿದೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಅಂಗವಿಕಲರಿಗೆಂದು ಮೀಸಲಿಟ್ಟ ಅನುದಾನದಲ್ಲಿ ಇಳಿಜಾರು ಕಟ್ಟಲು ಬರುತ್ತದೆಯೇ ಎಂದು ಅರ್ಜಿ ಕೊಟ್ಟೇ ಕೇಳಿ, ಬಾಯಿಮಾತು ಸಾಲದು. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ ಜೊತೆಗಿರಲಿ.

ಹಂತ 9: ಮೊದಲ ಮಳೆಗಾಲದ ನಂತರ

ಹಿಂಗಾರಿ ಮಳೆ ಮುಗಿದ ಮೇಲೆ ಕುರ್ಚಿಯವರು ಹಾದಿಯ ಉದ್ದಕ್ಕೂ ಒಮ್ಮೆ ಹೋಗಿಬರಲಿ. ಗಾಲಿ ಎಲ್ಲಿ ತಡೆಯುತ್ತದೋ ಅಲ್ಲಿ ಸುಣ್ಣದ ಗುರುತು ಹಾಕಿ. ಆ ಫರಸಿಗಳನ್ನಷ್ಟೇ ಕಿತ್ತು, ಗರಸು ಸರಿಪಡಿಸಿ, ದಮ್ಮಸ್ಸು ಹೊಡೆದು ಮತ್ತೆ ಕೂಡಿಸಿ. ಉಸುಕಿನ ಮೇಲೆ ಕೂಡಿಸಲು ಹೇಳಿದ್ದು ಇದಕ್ಕೇ: ಹೀಗೆ ಕಿತ್ತು ಕೂಡಿಸಲು ಗೌಂಡಿ ಬೇಕಿಲ್ಲ, ಮನೆಯ ಇಬ್ಬರು ಸೇರಿದರೆ ಸಾಕು.