ಕಂಕುಳಿನ ಕುರು ಮತ್ತೆ ಮತ್ತೆ ಎದ್ದರೆ

ಬಿಸಿಲು 45 ಡಿಗ್ರಿ ಮುಟ್ಟುವ ನಾಗಪುರದ ಮೇ ತಿಂಗಳಲ್ಲಿ ಕಂಕುಳಲ್ಲಿ ಕುರು ಎದ್ದರೆ, ಉಷ್ಣಕ್ಕೆ ಆಗಿದೆ ಎಂದು ಮನೆಮಂದಿ ಸುಮ್ಮನಾಗುತ್ತಾರೆ. ಒಂದು ಸಲವಾದರೆ ಸರಿ. ಆರು ತಿಂಗಳಲ್ಲಿ ಎರಡು ಸಲವೋ ಹೆಚ್ಚೋ ಕಂಕುಳು, ತೊಡೆಸಂದು, ಸ್ತನದ ಕೆಳಭಾಗದಲ್ಲಿ ನೋವಿನ ಗಂಟು ಮರುಕಳಿಸಿದರೆ ಅದು ಹೈಡ್ರಡೆನೈಟಿಸ್ ಸಪ್ಪುರೇಟಿವಾ ಇರಬಹುದು.

ಇದು ಕೊಳಕಿನಿಂದ ಬರುವ ರೋಗವಲ್ಲ, ಅಂಟುರೋಗವೂ ಅಲ್ಲ.

ಕೂದಲ ಬುಡ ಮುಚ್ಚಿಕೊಂಡು ಚರ್ಮದೊಳಗೇ ಒಡೆದು ಉರಿಯೂತ ಹಬ್ಬುತ್ತದೆ. ಜೋಡಿ ಕಪ್ಪುಚುಕ್ಕಿ, ಹಗ್ಗದಂತೆ ಗಟ್ಟಿಯಾದ ಕಲೆ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಒಸರುವ ಕೀವು ಇದರ ಗುರುತು. ಸಂಕೋಚಪಟ್ಟು ಮುಚ್ಚಿಟ್ಟು ವರ್ಷಗಳನ್ನೇ ಕಳೆಯುವವರನ್ನು ನೆನೆದರೆ ಸಂಕಟವಾಗುತ್ತದೆ. ಅಷ್ಟರಲ್ಲಿ ಒಳಗೆ ಸುರಂಗಗಳೇ ಆಗಿರುತ್ತವೆ. ತೋರಿಸಿಕೊಳ್ಳಲು ನಾಗಪುರದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೂ ಜನ ಮೇಯೋ ಎಂದೇ ಕರೆಯುವ ಇಂದಿರಾ ಗಾಂಧಿ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೂ ಚರ್ಮರೋಗ ವಿಭಾಗವಿದೆ.

ಆರಂಭದಲ್ಲೇ ಹೋದರೆ ಕ್ಲಿಂಡಾಮೈಸಿನ್ ಲೇಪ, ಡಾಕ್ಸಿಸೈಕ್ಲಿನ್ ಮಾತ್ರೆಯಿಂದ ಹತೋಟಿಗೆ ಬರಬಹುದು. ರೋಗ ಬಲಿತವರಿಗೆ ಅಡಲಿಮುಮ್ಯಾಬ್ ಚುಚ್ಚುಮದ್ದಿದೆ. ಅಮೆರಿಕ ಈ ರೋಗಕ್ಕೆ ಅದನ್ನು ಒಪ್ಪಿದ್ದು 2015ರಲ್ಲಿ. ಈ ಚುಚ್ಚುಮದ್ದು ಹಾಕುವ ಮುಂಚೆ ಕ್ಷಯದ ಪರೀಕ್ಷೆ ಆಗಲೇಬೇಕು. ಸುರಂಗಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಹಿಸುಕಬೇಡಿ. ಬೀಡಿ, ಸಿಗರೇಟು ಬಿಡಿ, ತೂಕ ಇಳಿಸಿ, ಸಡಿಲವಾದ ಹತ್ತಿಬಟ್ಟೆ ಹಾಕಿ. ಕುರು ಎದ್ದಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಡಾಕ್ಟರ ಬಳಿ ಹೋಗುವ ದಿನ ಅದು ಇಂಗಿರಬಹುದು.