ಕಾಳಿಯ ಬಾಣಂತನ

ಸಾಗರ

ಚಿ॥ ಅನಘಾ,

ನೀನು ಕಳಿಸಿದ ಫೋಟೊ ನೋಡಿದೆ. ಕಾಳಿಯ ಹೊಟ್ಟೆ ಜೋತಿದೆ, ಮೊಲೆ ತುಂಬಿದೆ; ದಿನ ಹತ್ತಿರ ಬಂತು. ನಾಯಿ ಗಬ್ಬ ಹೊರುವುದು ಸುಮಾರು 63 ದಿನ, ಆದರೆ ಬೀದಿನಾಯಿಯ ಲೆಕ್ಕ ಇಟ್ಟವರು ಯಾರು? ಥರ್ಮಾಮೀಟರ್ ಇಡಲು ಬಿಟ್ಟರೆ ನೋಡು. 101–102 ಡಿಗ್ರಿ ಇರುವ ಮೈಕಾವು 99ಕ್ಕಿಂತ ಕೆಳಗಿಳಿದರೆ ಒಂದು ದಿನದೊಳಗೆ ಮರಿ ಹಾಕುತ್ತಾಳೆ. ಬಿಡದಿದ್ದರೆ ಒತ್ತಾಯ ಬೇಡ. ಊಟ ಬಿಟ್ಟು, ನೆಲ ಕೆರೆದು, ಮೂಲೆ ಹುಡುಕತೊಡಗಿದಳೆಂದರೆ ತಿಳಿದುಕೋ. ಮೆಟ್ಟಿಲ ಕೆಳಗೆ ಗೋಣಿಚೀಲದ ಮೇಲೆ ಹಳೇ ಹತ್ತಿ ಸೀರೆ ಹಾಸು. ಅವಳು ಸ್ಕೂಟರ್ ಹಿಂದಿನ ಸಂದಿಯನ್ನೇ ಆರಿಸಿಕೊಂಡರೆ ಹಾಸಿಗೆಯನ್ನು ಅಲ್ಲಿಗೇ ಒಯ್ಯಿ.

ಕ್ಯಾಲ್ಸಿಯಂ ಟಾನಿಕ್ ತಂದಿದ್ದೇನೆ ಎಂದಿದ್ದೀಯಲ್ಲ, ಅದನ್ನು ಎತ್ತಿಡು. ಪಶು ಆಸ್ಪತ್ರೆಯಲ್ಲಿ ಇದ್ದಷ್ಟು ಕಾಲವೂ ನಾನು ಈ ಮಾತಿಗೆ ಜಗಳವಾಡಿದ್ದೇನೆ. ಗಬ್ಬದಲ್ಲಿ ಹೊರಗಿನಿಂದ ಸುರಿದರೆ, ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಕೆಲಸದಲ್ಲಿ ಮೈ ಸೋಮಾರಿಯಾಗುತ್ತದೆ. ಆಮೇಲೆ ಮರಿಗಳು ಜೋರಾಗಿ ಹಾಲು ಎಳೆಯುವ ಎರಡು–ಮೂರನೇ ವಾರದಲ್ಲಿ ರಕ್ತದ ಕ್ಯಾಲ್ಸಿಯಂ ಒಮ್ಮೆಲೇ ಕುಸಿದು ತಾಯಿಗೆ ನಡುಕ, ಏದುಸಿರು, ಸೆಳೆತ ಬರಬಹುದು. ಅಂಥದ್ದು ಕಂಡರೆ ಬೆಳಗಾಗಲಿ ಎಂದು ಕಾಯಬೇಡ, ಮರಿಗಳನ್ನು ಬಿಡಿಸಿ ಅವಳನ್ನು ಡಾಕ್ಟರ ಬಳಿ ಒಯ್ಯಿ. ಈಗ ಬೇಕಿರುವುದು ಊಟ. ಬಿಸ್ಕತ್ತು, ಮೊಸರನ್ನ ಸಾಲದು. ಬೇಯಿಸಿದ ಮೊಟ್ಟೆ, ಕೋಳಿ ಹಾಕು, ಸ್ವಲ್ಪಸ್ವಲ್ಪವಾಗಿ ನಾಲ್ಕು ಹೊತ್ತು. ನಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸುವುದಿಲ್ಲ ನಿಜ, ಅದು ಕಾಳಿಗೆ ಗೊತ್ತಿಲ್ಲ.

ಹೆರಿಗೆಯ ಹೊತ್ತಿಗೆ ದೂರ ಕೂತು ನೋಡು. ಚೀಲ ಹರಿಯುವುದು, ಹೊಕ್ಕುಳಬಳ್ಳಿ ಕಡಿಯುವುದು, ಮಾಸು ತಿನ್ನುವುದು ಎಲ್ಲಾ ಅವಳೇ ಮಾಡುತ್ತಾಳೆ, ಹೇಸಬೇಡ. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬರದಿದ್ದರೆ, ಒಂದು ಮರಿ ಬಂದ ಮೇಲೆ ಒಳಗೆ ಇನ್ನೂ ಮರಿಯಿದ್ದೂ ಎರಡು ಗಂಟೆ ಕಳೆದರೆ, ಇಲ್ಲವೇ ಮೊದಲ ಮರಿಗೂ ಮುಂಚೆ ಕಡುಹಸಿರು ದ್ರವ ಕಂಡರೆ ಆಸ್ಪತ್ರೆಗೆ ಹೊರಡು. ಬಾಣಂತಿ ನಾಯಿ ಪರಿಚಯದವರಿಗೂ ಹಲ್ಲು ತೋರಿಸುತ್ತಾಳೆ. ತಾಗಿದರೆ 15 ನಿಮಿಷ ಸೋಪುನೀರಲ್ಲಿ ತೊಳೆದು ಚುಚ್ಚುಮದ್ದು ಹಾಕಿಸಿಕೋ.

ಎಳೆಮರಿಗೆ ಹಸಿವಿಗಿಂತ ಚಳಿ ದೊಡ್ಡ ಶತ್ರು. ಎರಡು ವಾರ ಅವು ತಮ್ಮ ಮೈಕಾವು ತಾವೇ ಕಾಯ್ದುಕೊಳ್ಳಲಾರವು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡು. ತಣ್ಣಗಾದ ಮರಿಯ ಬಾಯಿಗೆ ಹಾಲು ಬಿಡಬೇಡ, ಮೊದಲು ಬೆಚ್ಚಗೆ ಮಾಡು. ದನದ ಹಾಲಂತೂ ಬೇಡವೇ ಬೇಡ: ಅದರ ಕೊಬ್ಬು, ಪ್ರೋಟೀನು ನಾಯಿಹಾಲಿನ ಅರ್ಧಕ್ಕಿಂತಲೂ ಕಡಿಮೆ, ಭೇದಿ ಮಾತ್ರ ಗ್ಯಾರಂಟಿ. ತಾಯಿಗೆ ಹಾಲಿಲ್ಲದಿದ್ದರೆ ಮರಿಗಳಿಗೆಂದೇ ಪುಡಿ ಸಿಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗು. ತೂಕ ಏರದ ಮರಿಯ ಮೇಲೆ ಕಣ್ಣಿಡು. ಕಣ್ಣು ಬಿಡುವುದು 10–14 ದಿನಕ್ಕೆ, ನೀನು ಬಿಡಿಸಲು ಹೋಗಬೇಡ. ಎರಡು ವಾರಕ್ಕೆ ಜಂತುಹುಳುವಿನ ಔಷಧಿ, 6–8 ವಾರಕ್ಕೆ ಮೊದಲ ಲಸಿಕೆ.

ಎಂಟು ವಾರ ಆಗುವವರೆಗೆ ಯಾರು ಕೇಳಿದರೂ ಮರಿ ಕೊಡಬೇಡ ಕೂಸೇ. ಆಮೇಲೆ, ಹಾಲು ಬತ್ತಿದ ಮೇಲೆ, ಕಾಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸು. ಮನೆ ಓನರ್ ಗೊಣಗಿದರೆ ಈ ಮಾತನ್ನೇ ಮೊದಲು ಹೇಳು, ಸಮಾಧಾನವಾಗುತ್ತಾರೆ. ಹಳೇ ಸೀರೆ ಸಾಲದಿದ್ದರೆ ದೊಡ್ಡಮ್ಮನಿಗೆ ಫೋನ್ ಮಾಡು.

ನಿನ್ನ ದೊಡ್ಡಪ್ಪ